ಬ್ರಾಡ್‌ಬ್ಯಾಂಡ್ ಕಂಪನಿಯಲ್ಲಿ ನಿಮ್ಮ ದಾಖಲೆ: ಏನು ಉಳಿಯುತ್ತದೆ, ಯಾರು ದುಡ್ಡು ಕೊಡುತ್ತಾರೆ, ನೀವು ಏನು ಮಾಡಬಹುದು

ತಿಪಟೂರಿನ ಸುತ್ತಮುತ್ತ ಬ್ರಾಡ್‌ಬ್ಯಾಂಡ್ ಕೊಡುವ ಒಂದು ಸಣ್ಣ ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಬಿಲ್ ಕಟ್ಟಲು ಬರುವ ಕೊಬ್ಬರಿ ವ್ಯಾಪಾರಿಗಳು, ಟ್ಯೂಷನ್ ನಡೆಸುವ ಮೇಷ್ಟ್ರು, ಮನೆಯಿಂದ ಕೆಲಸ ಮಾಡುವ ಹುಡುಗಿಯರು, ಎಲ್ಲರೂ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ: ನಾವು ಇಂಟರ್ನೆಟ್‌ನಲ್ಲಿ ಏನು ಮಾಡುತ್ತೇವೆ ಎಂಬುದು ನಿಮಗೆ ಗೊತ್ತಾಗುತ್ತದೆಯೇ? ಕೌಂಟರಿನ ಮುಂದೆ ನಿಂತವರಿಗೆ ಎರಡು ಮಾತಿನಲ್ಲಿ ಉತ್ತರಿಸಿದರೆ ಅದು ಅರ್ಧ ಉತ್ತರವಾಗುತ್ತದೆ. ಆದ್ದರಿಂದ ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಯಮ. ಇಂಟರ್ನೆಟ್ ಸೇವೆ ಕೊಡುವವರು ದೂರಸಂಪರ್ಕ ಇಲಾಖೆಯ ಪರವಾನಗಿ ಪಡೆದಿರಬೇಕು. ಆ ಪರವಾನಗಿಯ ಷರತ್ತಿನಲ್ಲಿಯೇ ದಾಖಲೆ ಇಡುವ ಮಾತು ಬರುತ್ತದೆ. ಮೊದಲು ಒಂದು ವರ್ಷ ಇದ್ದ ಅವಧಿಯನ್ನು ಇಲಾಖೆ 2021ರ ಡಿಸೆಂಬರ್‌ನಲ್ಲಿ ಎರಡು ವರ್ಷಕ್ಕೆ ಏರಿಸಿತು. ಕರೆಗಳ ದಾಖಲೆ, ಇಂಟರ್ನೆಟ್ ಸಂಪರ್ಕಗಳ ದಾಖಲೆ ಎರಡಕ್ಕೂ ಇದು ಅನ್ವಯಿಸುತ್ತದೆ. ಕನಿಷ್ಠ ಎರಡು ವರ್ಷ ಇಡಲೇಬೇಕು. ಆ ಮೇಲೆ, ಬೇರೆ ಆದೇಶ ಇಲ್ಲದಿದ್ದರೆ, ನಾಶ ಮಾಡಬಹುದು. ಮಾಡಬಹುದು, ಅಷ್ಟೇ. ಇಂತಿಷ್ಟು ದಿನದೊಳಗೆ ಅಳಿಸಲೇಬೇಕು ಎಂದು ಆ ಷರತ್ತು ಹೇಳುವುದಿಲ್ಲ. ಕೆಳಗಿನ ಮಿತಿಯನ್ನು ಸರ್ಕಾರ ಕಟ್ಟಿದೆ, ಮೇಲಿನ ಮಿತಿಯನ್ನು ಕಂಪನಿಯ ಮನಸ್ಸಿಗೆ ಬಿಟ್ಟಿದೆ. ಗ್ರಾಹಕರಾದ ನೀವು ಹಿಡಿದು ಕೇಳಬೇಕಾದ ಜಾಗ ಇದು.

ಇದರ ಮೇಲೆ 2022ರ ಏಪ್ರಿಲ್ 28ರಂದು ಸರ್ಟ್-ಇನ್, ಅಂದರೆ ಕೇಂದ್ರದ ಕಂಪ್ಯೂಟರ್ ಭದ್ರತಾ ಸಂಸ್ಥೆ, ಇನ್ನೊಂದು ನಿರ್ದೇಶನ ಹೊರಡಿಸಿತು. ಎಲ್ಲ ಸಂಸ್ಥೆಗಳೂ ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು, ಅಂದರೆ ಯಾವಾಗ ಏನು ನಡೆಯಿತು ಎಂಬ ದಾಖಲೆಗಳನ್ನು, 180 ದಿನ ಇಟ್ಟಿರಬೇಕು, ಹ್ಯಾಕಿಂಗ್‌ನಂಥ ಘಟನೆ ನಡೆದದ್ದು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ವಿಪಿಎನ್ (ನಿಮ್ಮ ಸಂಪರ್ಕಗಳನ್ನು ಬೀಗ ಹಾಕಿ ತನ್ನ ಸರ್ವರ್ ಮೂಲಕ ಕಳಿಸುವ ಸೇವೆ), ಕ್ಲೌಡ್, ಡೇಟಾ ಸೆಂಟರ್ ನಡೆಸುವವರು ಗ್ರಾಹಕರ ಹೆಸರು, ವಿಳಾಸ, ಫೋನ್, ಕೊಟ್ಟ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಸೇವೆ ಪಡೆದ ಉದ್ದೇಶ, ಇವೆಲ್ಲವನ್ನೂ ಗ್ರಾಹಕರು ಬಿಟ್ಟುಹೋದ ಮೇಲೂ 5 ವರ್ಷ ಕಾಪಾಡಬೇಕು.

ಈಗ ನಮ್ಮ ಸರ್ವರ್‌ನಲ್ಲಿ ನಿಜವಾಗಿ ಏನಿರುತ್ತದೆ ಎಂಬುದಕ್ಕೆ ಬರುತ್ತೇನೆ. ಸಂಪರ್ಕ ತೆಗೆದುಕೊಳ್ಳುವಾಗ ನೀವು ಕೊಟ್ಟ ಅರ್ಜಿ, ಫೋಟೋ, ಗುರುತಿನ ಚೀಟಿಯ ಪ್ರತಿ ಒಂದು ಕಡೆ. ನಿಮ್ಮ ರೂಟರ್ ಯಾವಾಗ ಲಾಗಿನ್ ಆಯಿತು, ಯಾವಾಗ ಕಡಿದುಕೊಂಡಿತು, ಎಷ್ಟು ಜಿಬಿ ಬಳಸಿತು ಎಂಬ ಲೆಕ್ಕ ಇನ್ನೊಂದು ಕಡೆ. ಇವೆರಡೂ ಚಿಕ್ಕವು. ಬೆಟ್ಟದಷ್ಟು ಬೆಳೆಯುವುದು ಮೂರನೆಯದು, ಪೊಲೀಸ್ ಭಾಷೆಯಲ್ಲಿ ಐಪಿಡಿಆರ್, ಅಂದರೆ ತೆರೆದ ಒಂದೊಂದು ಇಂಟರ್ನೆಟ್ ಸಂಪರ್ಕದ ವಿವರ. ಅದರ ಒಂದು ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ, ಇಲ್ಲಿನ ವಿಳಾಸಗಳು ಉದಾಹರಣೆಗಷ್ಟೇ:

21:47:09 | 100.64.12.31 : 51422 | 203.0.113.9 : 22817 | 198.51.100.40 : 443

ರಾತ್ರಿ 9 ಗಂಟೆ 47 ನಿಮಿಷ 9 ಸೆಕೆಂಡಿಗೆ ಒಂದು ಮನೆ ಒಂದು ಸಂಪರ್ಕ ತೆರೆಯಿತು. ಮೊದಲ ವಿಳಾಸ ನಮ್ಮ ಜಾಲದೊಳಗೆ ಆ ಮನೆಗೆ ಕೊಟ್ಟದ್ದು. ಎರಡನೆಯದು ಹೊರಜಗತ್ತಿಗೆ ಕಾಣುವ ವಿಳಾಸ. ಹಳೆಯ ಬಗೆಯ ಐಪಿ ವಿಳಾಸಗಳು ಸಾಲದೆ ಬಂದಿರುವುದರಿಂದ ಒಂದೇ ಹೊರವಿಳಾಸವನ್ನು ಹತ್ತಾರು ಮನೆಗಳು ಹಂಚಿಕೊಳ್ಳುತ್ತವೆ. ಆ ಕ್ಷಣದಲ್ಲಿ ಅದು ಯಾವ ಮನೆ ಎಂದು ತಿಳಿಯುವುದು ಪಕ್ಕದ ಪೋರ್ಟ್ ಸಂಖ್ಯೆಯಿಂದ, ಇಲ್ಲಿ 22817. ಕೊನೆಯದು ನೀವು ತಲುಪಿದ ಸರ್ವರ್. 443 ಅಂದರೆ ಬೀಗ ಹಾಕಿದ ವೆಬ್ ಸಂಪರ್ಕ.

ಗಮನಿಸಿ, ಈ ಸಾಲಿನಲ್ಲಿ ನೀವು ಓದಿದ ಪುಟವಿಲ್ಲ, ಕಳಿಸಿದ ಸಂದೇಶವಿಲ್ಲ, ನೋಡಿದ ವಿಡಿಯೋದ ಹೆಸರಿಲ್ಲ. ಎಚ್‌ಟಿಟಿಪಿಎಸ್, ಅಂದರೆ ಆ ಬೀಗ, ಇರುವಾಗ ಅವು ನಮಗೆ ಕಾಣುವುದಿಲ್ಲ. ಆದರೆ ಅಷ್ಟಕ್ಕೇ ನಿಟ್ಟುಸಿರು ಬಿಡಬೇಡಿ. ದೊಡ್ಡ ದೊಡ್ಡ ಜಾಲತಾಣಗಳು ಒಂದೇ ಸರ್ವರ್‌ನ ಹಿಂದೆ ಗುಂಪಾಗಿರುವುದರಿಂದ ವಿಳಾಸ ನೋಡಿ ಹೆಸರು ಹೇಳಲು ಬಾರದಿರಬಹುದು. ಸ್ವಂತ ವಿಳಾಸದಲ್ಲಿ ನಡೆಯುವ ಆಸ್ಪತ್ರೆ, ಬ್ಯಾಂಕು, ಕಚೇರಿಗಳ ವಿಷಯ ಹಾಗಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡು ವರ್ಷದ ಸಾಲುಗಳನ್ನು ಒಟ್ಟಿಗಿಟ್ಟರೆ ಒಂದು ಮನೆಯ ದಿನಚರಿಯೇ ಮೂಡುತ್ತದೆ. ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ವಾರ ಊರಲ್ಲಿರಲಿಲ್ಲ, ಯಾವ ತಿಂಗಳಿಂದ ರಾತ್ರಿ ಎರಡರವರೆಗೂ ಯಾರೋ ಎಚ್ಚರವಾಗಿದ್ದಾರೆ, ಎಲ್ಲವೂ. ಜರ್ಮನಿಯ ಹಸಿರು ಪಕ್ಷದ ರಾಜಕಾರಣಿ ಮಾಲ್ಟೆ ಸ್ಪಿಟ್ಜ್ ತಮ್ಮ ಆರು ತಿಂಗಳ ಮೊಬೈಲ್ ದಾಖಲೆಯನ್ನು ಕಂಪನಿಯಿಂದ ಪಡೆದು 2011ರಲ್ಲಿ ಪ್ರಕಟಿಸಿದರು. 35,000ಕ್ಕೂ ಹೆಚ್ಚು ನಮೂದುಗಳಿದ್ದವು. ಒಂದೇ ಒಂದು ಮಾತಿನ ಧ್ವನಿಮುದ್ರಣ ಇರಲಿಲ್ಲ. ಆದರೂ ಅವರು ಯಾವ ರೈಲಿನಲ್ಲಿ ಹೋದರು, ಎಲ್ಲಿ ಮಲಗಿದರು ಎಂಬುದನ್ನು ನಕ್ಷೆಯ ಮೇಲೆ ಯಾರು ಬೇಕಾದರೂ ನೋಡಬಹುದಿತ್ತು. ಯುರೋಪಿನ ದಾಖಲೆ ಸಂಗ್ರಹದ ನಿರ್ದೇಶನವನ್ನು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರ ಏಪ್ರಿಲ್ 8ರಂದು ರದ್ದು ಮಾಡಿತು. ಸಂಶಯವೇ ಇಲ್ಲದವರದ್ದನ್ನೂ ಸೇರಿಸಿ ಎಲ್ಲರ ದಾಖಲೆ ಕೂಡಿಡುವುದು ಖಾಸಗಿತನದ ಮೇಲೆ ಮಿತಿಮೀರಿದ ಆಕ್ರಮಣ ಎಂಬುದು ಅದರ ನಿಲುವು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆಳಕಿನಲ್ಲಿ ಈ ಎರಡು ವರ್ಷದ ಷರತ್ತನ್ನು ಯಾರಾದರೂ ಗಟ್ಟಿಯಾಗಿ ಪರೀಕ್ಷೆಗೆ ಒಡ್ಡಬೇಕು ಎಂಬುದು ನನ್ನ ಬಯಕೆ.

ಖರ್ಚಿನ ಮಾತು

ಇದೆಲ್ಲ ಪುಕ್ಕಟೆಯಲ್ಲ. ಲೆಕ್ಕ ಹಾಕಿ ನೋಡೋಣ. 3,000 ಮನೆಗಳಿರುವ ಒಂದು ಸಂಸ್ಥೆ ಎಂದಿಟ್ಟುಕೊಳ್ಳಿ. ಎರಡು ಮೂರು ಫೋನು, ಒಂದು ಟಿವಿ, ಒಂದು ಲ್ಯಾಪ್‌ಟಾಪ್ ಇರುವ ಮನೆಯಿಂದ ದಿನಕ್ಕೆ 50,000 ಸಂಪರ್ಕಗಳು ತೆರೆಯುತ್ತವೆ ಎನ್ನೋಣ. ನೀವು ಫೋನನ್ನು ಮುಟ್ಟದಿದ್ದರೂ ಅದರೊಳಗಿನ ಆ್ಯಪ್‌ಗಳು ತಮ್ಮ ಪಾಡಿಗೆ ಮಾತಾಡುತ್ತಲೇ ಇರುತ್ತವೆ. ಒಂದು ಸಾಲಿಗೆ 150 ಬೈಟ್ ಆದರೆ ಮನೆಗೆ ದಿನಕ್ಕೆ 7.5 ಎಂಬಿ, 3,000 ಮನೆಗೆ 22.5 ಜಿಬಿ, ಎರಡು ವರ್ಷಕ್ಕೆ 16 ಟಿಬಿಗೂ ಮೇಲೆ. ಕುಗ್ಗಿಸಿ ಇಟ್ಟರೆ ಇದು ಬಹಳಷ್ಟು ಇಳಿಯುತ್ತದೆ, ನಿಜ. ಡಿಸ್ಕ್ ಕೂಡ ಈಗ ಅಂಥ ದುಬಾರಿ ವಸ್ತುವಲ್ಲ. ಖರ್ಚು ಬರುವುದು ಉಳಿದದ್ದಕ್ಕೆ: ಒಂದು ಕೆಟ್ಟರೆ ಇರಲಿ ಎಂದು ಎರಡನೇ ಪ್ರತಿ, ಬೇಸಿಗೆಯ ಲೋಡ್‌ಶೆಡ್ಡಿಂಗ್‌ನಲ್ಲೂ ನಿಲ್ಲದ ಯುಪಿಎಸ್, ಸರ್ವರ್ ಕೋಣೆಯ ಎಸಿ, ಸೆಕೆಂಡು ತಪ್ಪದ ಗಡಿಯಾರ ಹೊಂದಾಣಿಕೆ, ಆ ರಾಶಿಯೊಳಗೆ ಒಂದು ಸಾಲನ್ನು ಹುಡುಕಿ ಕೊಡುವ ತಂತ್ರಾಂಶ, ಅದನ್ನು ಬಲ್ಲ ಮನುಷ್ಯ. ದೊಡ್ಡ ಕಂಪನಿಗೆ ಇದು ಕೋಟಿ ಗ್ರಾಹಕರ ನಡುವೆ ಹಂಚಿಹೋಗುತ್ತದೆ. ತಾಲ್ಲೂಕು ಮಟ್ಟದ ಸಂಸ್ಥೆಗೆ ಅದೇ ಸಾಮಾನು, ಅದೇ ಸಂಬಳ, ಆದರೆ ಹಂಚಲು ಮನೆಗಳಿಲ್ಲ. ಕೊನೆಗೆ ಅದು ನಿಮ್ಮ ತಿಂಗಳ ಬಿಲ್ಲಿನಲ್ಲಿ, ಬೇರೆ ಸಾಲಾಗಿ ಕಾಣಿಸದೆ, ಸೇರಿಕೊಳ್ಳುತ್ತದೆ. ಅಂದರೆ ನಿಮ್ಮ ಮೇಲಿನ ಕಾವಲಿಗೆ ಕೂಲಿ ಕೊಡುತ್ತಿರುವವರು ನೀವೇ.

ಬೇರೆ ದಾರಿ ಇಲ್ಲವೇ? ಇದೆ. ವಿಳಾಸ ಹಂಚಿಕೆಯ ಬಗ್ಗೆ 2013ರಲ್ಲಿ ಬಂದ ಆರ್‌ಎಫ್‌ಸಿ 6888 ಎಂಬ ಅಂತರರಾಷ್ಟ್ರೀಯ ತಾಂತ್ರಿಕ ದಾಖಲೆ, ಆಡಳಿತಾತ್ಮಕ ಅಗತ್ಯವಿಲ್ಲದಿದ್ದರೆ ಗ್ರಾಹಕ ತಲುಪಿದ ಸರ್ವರ್‌ನ ವಿಳಾಸವನ್ನು ಬರೆದಿಡಬೇಡಿ ಎಂದು ಸಲಹೆ ಕೊಡುತ್ತದೆ. ಪ್ರತಿ ಮನೆಗೂ ಪೋರ್ಟ್‌ಗಳ ಒಂದು ಗೊಂಚಲನ್ನು ಮೊದಲೇ ಗೊತ್ತುಮಾಡಿದರೆ ಲಕ್ಷ ಸಾಲಿನ ಬದಲು ಬೆರಳೆಣಿಕೆಯ ಸಾಲು ಸಾಕು. ಯಾವ ಮನೆ ಎಂಬುದು ಆಗಲೂ ತಿಳಿಯುತ್ತದೆ, ಎಲ್ಲಿಗೆ ಹೋದರು ಎಂಬುದು ಮಾತ್ರ ಉಳಿಯುವುದಿಲ್ಲ. ಅಪರಾಧಿಯನ್ನು ಹಿಡಿಯಲು ಬಹುಪಾಲು ಸಂದರ್ಭದಲ್ಲಿ ಅಷ್ಟೇ ಬೇಕಾಗಿರುವುದು, ಏಕೆಂದರೆ ಎಲ್ಲಿಗೆ ಹೋದರು ಎಂಬುದು ದೂರು ಕೊಟ್ಟ ಬ್ಯಾಂಕಿಗೋ ಜಾಲತಾಣಕ್ಕೋ ಆಗಲೇ ಗೊತ್ತಿರುತ್ತದೆ. ಆದರೆ ನಮ್ಮಲ್ಲಿ ಕೇಳುವ ನಮೂನೆಯಲ್ಲಿ ತಲುಪಿದ ವಿಳಾಸಕ್ಕೂ ಒಂದು ಕಾಲಂ ಇದೆ. ಆಸ್ಟ್ರೇಲಿಯಾ 2015ರಲ್ಲಿ ಎರಡು ವರ್ಷದ ಸಂಗ್ರಹವನ್ನು ಕಡ್ಡಾಯ ಮಾಡಿದಾಗ ಗ್ರಾಹಕರ ಬ್ರೌಸಿಂಗ್ ಇತಿಹಾಸವನ್ನು ಕಾನೂನಿನಿಂದಲೇ ಹೊರಗಿಟ್ಟಿತು, ಕಂಪನಿಗಳ ಆರಂಭಿಕ ಖರ್ಚಿಗೆಂದು 13 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿರಿಸಿತು. ಆ ಕಾನೂನನ್ನು ಅಲ್ಲಿಯೂ ಬಹಳ ಜನ ವಿರೋಧಿಸಿದರು. ಆದರೂ ಈ ಎರಡು ವಿಷಯದಲ್ಲಿ ಅದು ನಮ್ಮದಕ್ಕಿಂತ ವಾಸಿ.

ಮನೆಯಲ್ಲಿ ಕೂತು ಮಾಡಬಹುದಾದದ್ದು

ಎಲ್ಲಕ್ಕಿಂತ ಸುಲಭದ್ದು ಡಿಎನ್‌ಎಸ್ ಬದಲಿಸುವುದು. ನೀವು ಒಂದು ತಾಣದ ಹೆಸರು ಬರೆದಾಗ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ ಅದು. ರೂಟರ್‌ನಲ್ಲಿ ಏನನ್ನೂ ಬದಲಿಸದಿದ್ದರೆ ಆ ಪ್ರಶ್ನೆ ಬರುವುದು ನಮ್ಮ ಸರ್ವರ್‌ಗೆ, ಅದೂ ಮುಚ್ಚುಮರೆಯಿಲ್ಲದೆ, ಹೆಸರಿನ ಸಮೇತ. ಆಂಡ್ರಾಯ್ಡ್ 9 ಅಥವಾ ಆಮೇಲಿನ ಫೋನಿನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಮತ್ತು ಇಂಟರ್ನೆಟ್, ಅದರೊಳಗೆ ಖಾಸಗಿ ಡಿಎನ್‌ಎಸ್ ಎಂಬಲ್ಲಿಗೆ ಹೋಗಿ. ಕೆಲವು ಫೋನುಗಳಲ್ಲಿ ಇದು ಬೇರೆ ಪುಟದಲ್ಲಿ ಅಡಗಿರುತ್ತದೆ, ಸೆಟ್ಟಿಂಗ್ಸ್‌ನ ಮೇಲ್ಗಡೆಯ ಹುಡುಕು ಪಟ್ಟಿಯಲ್ಲಿ ಡಿಎನ್‌ಎಸ್ ಎಂದು ಬರೆದರೆ ಸಿಗುತ್ತದೆ. ಅಲ್ಲಿ ಡಿಎನ್‌ಎಸ್ ಸೇವೆ ಕೊಡುವ ಕ್ವಾಡ್9 ಅಥವಾ ಕ್ಲೌಡ್‌ಫ್ಲೇರ್ ತಮ್ಮ ತಾಣದಲ್ಲಿ ಕೊಟ್ಟಿರುವ ಹೋಸ್ಟ್ ಹೆಸರನ್ನು ಅಕ್ಷರ ತಪ್ಪದೆ ಬರೆದು ಉಳಿಸಿ. ಒಂದು ಚುಕ್ಕೆ ತಪ್ಪಿದರೂ ಇಂಟರ್ನೆಟ್ ಪೂರ್ತಿ ನಿಂತಂತೆ ಕಾಣುತ್ತದೆ; ನಮ್ಮ ಕಚೇರಿಗೆ ಫೋನ್ ಮಾಡುವ ಮೊದಲು ಅದನ್ನು ನೋಡಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಫೈರ್‌ಫಾಕ್ಸ್‌ನ ಖಾಸಗಿತನ ಮತ್ತು ಭದ್ರತೆ ಪುಟದಲ್ಲಿ ಇದೇ ವ್ಯವಸ್ಥೆ ಇದೆ. ನನ್ನ ಆಯ್ಕೆ ಕ್ವಾಡ್9, ಅದು ಸ್ವಿಟ್ಜರ್ಲೆಂಡಿನ ಲಾಭರಹಿತ ಸಂಸ್ಥೆ.

ಇದರಿಂದ ಏನಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಮೇಲೆ ತೋರಿಸಿದ ಸಾಲು ಹಾಗೆಯೇ ಬರೆದಿಡಲ್ಪಡುತ್ತದೆ. ಸಂಪರ್ಕ ಆರಂಭವಾಗುವ ಗಳಿಗೆಯಲ್ಲಿ ಅನೇಕ ತಾಣಗಳ ಹೆಸರು ಬಯಲಾಗಿಯೇ ಹಾದುಹೋಗುತ್ತದೆ. ಮತ್ತು ನಿಮ್ಮ ಪ್ರಶ್ನೆಗಳು ಈಗ ನಮ್ಮ ಬದಲು ಇನ್ನೊಬ್ಬರ ಬಳಿ ಹೋಗುತ್ತವೆ.

ತಲುಪಿದ ವಿಳಾಸವನ್ನೂ ಮರೆಮಾಡಬೇಕಾದರೆ ವಿಪಿಎನ್ ಬೇಕು. ಆಗ ನಮ್ಮ ದಾಖಲೆಯಲ್ಲಿ ಉಳಿಯುವುದು ನೀವು ಇಂತಿಂಥ ವಿಪಿಎನ್ ಸರ್ವರ್‌ಗೆ ಇಷ್ಟು ಹೊತ್ತಿಗೆ ಸೇರಿದಿರಿ ಎಂಬುದು ಮಾತ್ರ. ಸರ್ಟ್-ಇನ್ ನಿರ್ದೇಶನ ಬಂದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಪ್ರೋಟಾನ್ ಮುಂತಾದವು 2022ರಲ್ಲಿ ಭಾರತದೊಳಗಿನ ತಮ್ಮ ಸರ್ವರ್‌ಗಳನ್ನು ತೆಗೆದುಹಾಕಿದವು. ಆದ್ದರಿಂದ ಕೊಳ್ಳುವಾಗ ಮೂರು ವಿಷಯ ನೋಡಿ: ಸರ್ವರ್ ನಿಜವಾಗಿ ಯಾವ ದೇಶದಲ್ಲಿದೆ, ಲಾಗ್ ಇಡುವುದಿಲ್ಲ ಎಂಬ ಮಾತನ್ನು ಹೊರಗಿನವರು ಪರಿಶೀಲಿಸಿದ್ದಾರೆಯೇ, ದುಡ್ಡು ಎಲ್ಲಿಂದ ಬರುತ್ತದೆ. ಕಡೆಯ ಪ್ರಶ್ನೆಗೆ ಉತ್ತರ ಸಿಗದ ಉಚಿತ ವಿಪಿಎನ್ ಆ್ಯಪ್‌ಗಳನ್ನು ಹಾಕಿಕೊಳ್ಳಲೇಬೇಡಿ. ನಮ್ಮ ಮೇಲೆ ಕನಿಷ್ಠ ಒಂದು ಪರವಾನಗಿಯ ಹಂಗಿದೆ, ಅವರಿಗೆ ಅದೂ ಇಲ್ಲ. ವಕೀಲರಿಗೆ, ವರದಿಗಾರರಿಗೆ, ಮಾನಸಿಕ ಆರೋಗ್ಯದ ಸಲಹೆ ಪಡೆಯುತ್ತಿರುವವರಿಗೆ ತಿಂಗಳಿಗೆ ಒಂದಿಷ್ಟು ಹಣ ಇದಕ್ಕೆ ಕೊಡುವುದು ಸಾರ್ಥಕ ಎನ್ನುತ್ತೇನೆ. ಕ್ರಿಕೆಟ್ ಸ್ಕೋರ್ ನೋಡುವುದಕ್ಕೆ ಬೇಕಿಲ್ಲ.

ಅರ್ಜಿಗೆ ಕೊಡುವ ಕಾಗದಗಳ ಬಗ್ಗೆ ಜನ ಬಹಳ ಉದಾಸೀನ. ಆಧಾರ್ ಕೊಡುವುದಾದರೆ ಆಧಾರ್ ತಾಣದಿಂದ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಇಳಿಸಿಕೊಂಡು ಅದನ್ನು ಕೊಡಬಹುದೇ ಎಂದು ಕೇಳಿ. ನೆರಳಚ್ಚಿನ ಮೇಲೆ ಅಡ್ಡಲಾಗಿ, ಅಕ್ಷರಗಳು ಚಿತ್ರವನ್ನು ಹಾಯುವಂತೆ, "ಇಂಥ ಸಂಸ್ಥೆಯ ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಮಾತ್ರ" ಎಂದು ಬರೆದು ಸಹಿ, ತಾರೀಖು ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಲೈನ್‌ಮ್ಯಾನ್‌ನ ಸ್ವಂತ ನಂಬರ್‌ಗೆ ಫೋಟೋ ಕಳಿಸಬೇಡಿ. ಹುಡುಗ ಒಳ್ಳೆಯವನೇ ಇರಬಹುದು. ಅವನ ಫೋನು ನಾಳೆ ಯಾರ ಕೈಗೆ ಹೋಗುತ್ತದೋ ತಿಳಿಯದು.

ತಪ್ಪು ಮನೆಯ ಬಾಗಿಲು

ಖಾಸಗಿತನ ಎಂದರೆ ಅನೇಕರು, ನಾನೇನು ತಪ್ಪು ಮಾಡಿದ್ದೇನೆ, ಮುಚ್ಚಿಡಲು ಏನಿದೆ ಎನ್ನುತ್ತಾರೆ. ಅವರಿಗೆ ನಾನು ಬೆಂಗಳೂರಿನ ಒಂದು ಪ್ರಕರಣ ಹೇಳುತ್ತೇನೆ. 2007ರಲ್ಲಿ ಆರ್ಕುಟ್ ಎಂಬ ಆಗಿನ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿಯ ಅವಹೇಳನಕಾರಿ ಚಿತ್ರ ಹಾಕಿದ ಆರೋಪದ ಮೇಲೆ ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಂಧಿಸಿದರು. ಐಪಿ ವಿಳಾಸದ ದಾಖಲೆ ಅವರನ್ನು ತೋರಿಸಿತ್ತು. ಆ ದಾಖಲೆ ತಪ್ಪಾಗಿತ್ತು. ನಿರಪರಾಧಿಯಾದ ಆ ಮನುಷ್ಯ ಸುಮಾರು 50 ದಿನ ಜೈಲಿನಲ್ಲಿದ್ದರು. ಮುಚ್ಚಿಡಲು ಅವರ ಬಳಿಯೂ ಏನೂ ಇರಲಿಲ್ಲ.

ಆಗಿನದಕ್ಕಿಂತ ಈಗ ತಪ್ಪಾಗುವ ಅವಕಾಶ ಹೆಚ್ಚು, ಏಕೆಂದರೆ ವಿಳಾಸ ಹಂಚಿಕೆ ಎಲ್ಲೆಡೆ ಬಂದಿದೆ. ಪೋರ್ಟ್ ಸಂಖ್ಯೆ ಇಲ್ಲದೆ ಬರಿಯ ಐಪಿ ವಿಳಾಸ ಕೇಳಿದರೆ ಹತ್ತಾರು ಮನೆಗಳ ಪಟ್ಟಿ ಹೊರಡುತ್ತದೆ. ಸಮಯದ ಗೊಂದಲ ಇನ್ನೂ ಕೆಟ್ಟದ್ದು. ವಿದೇಶಿ ತಾಣಗಳು ಸಾಮಾನ್ಯವಾಗಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಕೊಡುತ್ತವೆ. ಅಲ್ಲಿನ ರಾತ್ರಿ 10 ಗಂಟೆ ನಮ್ಮಲ್ಲಿ ಮರುದಿನ ಬೆಳಗಿನ ಜಾವ 3.30. ಈ ಐದೂವರೆ ಗಂಟೆಯನ್ನು ಯಾರಾದರೂ ಕೂಡಿಸಲು ಮರೆತರೆ ಆ ಹೊತ್ತಿಗೆ ಅದೇ ಪೋರ್ಟ್ ಬಳಸುತ್ತಿದ್ದ ಬೇರೊಂದು ಮನೆಯ ಹೆಸರು ಬರುತ್ತದೆ. ಇಷ್ಟೆಲ್ಲ ದಾಖಲೆ ಇದ್ದೂ ಬೇಕಾದ ಒಂದು ಸಾಲು ತಪ್ಪಾಗಿ ಓದಲ್ಪಟ್ಟರೆ ಆ ಕುಟುಂಬದ ಗತಿ ಏನು ಎಂಬುದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಹಾಗಾಗಿ ನಿಮಗೆ ಪೊಲೀಸರಿಂದ ವಿಚಾರಣೆಯ ಕರೆ ಬಂದರೆ ಗಾಬರಿಯಾಗಬೇಡಿ, ಬಾಯಿಮಾತಿಗೆ ಬಗ್ಗಲೂಬೇಡಿ. ವಕೀಲರ ಮೂಲಕ ನೋಟಿಸನ್ನು ಬರಹದಲ್ಲಿ ಕೇಳಿ. ದಾಖಲೆ ಹಾಜರುಪಡಿಸಲು ಕೇಳುವ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್‌ನಲ್ಲಿದೆ. ಐಪಿ ವಿಳಾಸ, ಪೋರ್ಟ್ ಸಂಖ್ಯೆ, ತಾರೀಖು, ಸೆಕೆಂಡಿನವರೆಗಿನ ಸಮಯ, ಅದು ಯಾವ ದೇಶದ ಕಾಲಮಾನ, ಈ ಐದೂ ಕಾಗದದಲ್ಲಿವೆಯೇ ಎಂದು ವಕೀಲರಿಗೆ ನೋಡಲು ಹೇಳಿ.

ವೈಫೈ ಪಾಸ್‌ವರ್ಡ್ ಕೂಡ ಇದೇ ವಿಷಯ. ಮನೆಯೊಳಗೆ ಯಾರ ಫೋನು ಎಂಬುದು ನಮ್ಮ ದಾಖಲೆಯಲ್ಲಿ ಇರುವುದಿಲ್ಲ, ಬಿಲ್ ಯಾರ ಹೆಸರಿನಲ್ಲಿದೆಯೋ ಅವರ ಹೆಸರಷ್ಟೇ ಇರುತ್ತದೆ. 2008ರ ಅಹಮದಾಬಾದ್ ಸ್ಫೋಟದ ಬೆದರಿಕೆಯ ಇಮೇಲ್ ನವೀ ಮುಂಬೈಯ ಒಬ್ಬರ ಬೀಗವಿಲ್ಲದ ವೈಫೈ ಮೂಲಕ ಹೋಗಿತ್ತು. ತನಿಖೆ ಮೊದಲು ತಟ್ಟಿದ್ದು ಅವರ ಬಾಗಿಲನ್ನು. ಮಹಡಿಯ ಬಾಡಿಗೆದಾರರಿಗೆ, ಪಕ್ಕದ ಅಂಗಡಿಗೆ ಪಾಸ್‌ವರ್ಡ್ ಕೊಟ್ಟಿದ್ದರೆ ಇಂದೇ ಬದಲಿಸಿ. ಅತಿಥಿಗಳಿಗೆ ರೂಟರ್‌ನಲ್ಲಿ ಪ್ರತ್ಯೇಕ ಗೆಸ್ಟ್ ನೆಟ್‌ವರ್ಕ್ ಮಾಡಿ, ರೂಟರ್‌ನ ಕೆಳಗೆ ಅಂಟಿಸಿದ ಚೀಟಿಯಲ್ಲಿರುವ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ.

ಕೂಡಿಟ್ಟ ದಾಖಲೆ ಕಳ್ಳತನವೂ ಆಗುತ್ತದೆ. 2013ರಲ್ಲಿ ಆಗ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿ ಅವರ ಕರೆ ದಾಖಲೆಯನ್ನು ಅಕ್ರಮವಾಗಿ ಪಡೆಯಲು ಯತ್ನಿಸಿದ ಪ್ರಕರಣದಲ್ಲಿ ದೆಹಲಿ ಪೊಲೀಸ್ ಪೇದೆಯೊಬ್ಬ ಬಂಧಿತನಾದ. 2018ರಲ್ಲಿ ಠಾಣೆ ಪೊಲೀಸರು ಕರೆ ದಾಖಲೆ ಮಾರುತ್ತಿದ್ದ ಜಾಲವೊಂದನ್ನು ಹಿಡಿದರು, ಅದರಲ್ಲಿ ಖಾಸಗಿ ಪತ್ತೇದಾರರಿದ್ದರು. ಅಷ್ಟು ದೊಡ್ಡವರ ದಾಖಲೆಗೇ ಕೈ ಹಾಕುವವರಿರುವಾಗ ಗಂಡನನ್ನು ಬಿಟ್ಟು ಬಂದ ಹೆಣ್ಣುಮಗಳ ದಾಖಲೆ, ಜಮೀನಿನ ವ್ಯಾಜ್ಯದಲ್ಲಿರುವ ರೈತನ ದಾಖಲೆ ಎಷ್ಟರ ಮಟ್ಟಿಗೆ ಭದ್ರ?

ಕಂಪನಿಗೆ ಬರೆಯುವ ಪತ್ರ

ಕೇಳುವವರಿದ್ದರೆ ಕಂಪನಿಗಳು ನೆಟ್ಟಗಿರುತ್ತವೆ, ಒಳಗಿದ್ದು ನೋಡಿದ ಮಾತಿದು. ಸಂಸ್ಥೆಯ ಗ್ರಾಹಕ ದೂರು ವಿಭಾಗಕ್ಕೆ ಇಮೇಲ್ ಮಾಡಿ. ಕನ್ನಡದಲ್ಲಿಯೇ ಬರೆಯಿರಿ. ಒಕ್ಕಣೆ ಹೀಗಿರಲಿ:

"ನನ್ನ ಗ್ರಾಹಕ ಸಂಖ್ಯೆ ಇಂಥದ್ದು. ನನ್ನ ಸಂಪರ್ಕದ ಲಾಗಿನ್ ದಾಖಲೆ ಹಾಗೂ ಐಪಿಡಿಆರ್ ದಾಖಲೆಯನ್ನು ನೀವು ಎಷ್ಟು ಕಾಲ ಇಡುತ್ತೀರಿ? ಪರವಾನಗಿ ಕೇಳುವ ಎರಡು ವರ್ಷ ಮುಗಿದ ಮೇಲೆ ಅವು ತಾನಾಗಿಯೇ ಅಳಿಸಿಹೋಗುತ್ತವೆಯೇ, ಇಲ್ಲವಾದರೆ ಯಾವಾಗ ಅಳಿಸುತ್ತೀರಿ? ಅವುಗಳನ್ನು ತೆರೆದು ನೋಡುವ ಅಧಿಕಾರ ನಿಮ್ಮ ಸಂಸ್ಥೆಯಲ್ಲಿ ಯಾವ ಹುದ್ದೆಯವರಿಗಿದೆ, ಯಾರು ಯಾವಾಗ ತೆರೆದರು ಎಂಬುದು ದಾಖಲಾಗುತ್ತದೆಯೇ? ಡಿಎನ್‌ಎಸ್ ಪ್ರಶ್ನೆಗಳನ್ನು ಉಳಿಸಿಕೊಳ್ಳುತ್ತೀರಾ? ಜಾಹೀರಾತು ಅಥವಾ ಮಾರುಕಟ್ಟೆ ಸಮೀಕ್ಷೆಗೆ ಈ ಯಾವುದನ್ನಾದರೂ ಯಾರಿಗಾದರೂ ಕೊಡುತ್ತೀರಾ?"

ಅಳಿಸುವ ದಿನದ ಪ್ರಶ್ನೆಗೆ ತಾರೀಖಿನ ಲೆಕ್ಕದಲ್ಲಿ ಉತ್ತರ ಬಂದರೆ ಆ ಸಂಸ್ಥೆ ಯೋಚಿಸಿ ಕೆಲಸ ಮಾಡುತ್ತಿದೆ ಎಂದರ್ಥ. "ಸರ್ಕಾರದ ನಿಯಮದಂತೆ" ಎಂದಷ್ಟೇ ಬಂದರೆ ಮತ್ತೆ ಬರೆಯಿರಿ, ಏಕೆಂದರೆ ಆ ನಿಯಮ ಇಡುವುದರ ಬಗ್ಗೆ ಮಾತಾಡುತ್ತದೆ, ನೀವು ಕೇಳಿದ್ದು ಅಳಿಸುವುದರ ಬಗ್ಗೆ. ಉತ್ತರವೇ ಬಾರದಿದ್ದರೆ ದೂರಿನ ಡಾಕೆಟ್ ಸಂಖ್ಯೆ ಪಡೆದು ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಮಾಡಿದ ದೂರು ಪರಿಹಾರ ನಿಯಮಗಳಲ್ಲಿ ಈ ಎರಡು ಹಂತಗಳಿವೆ.

ಇನ್ನೂ ಗಟ್ಟಿಯಾದ ಆಯುಧವೊಂದು ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಸಮ್ಮತಿ ಕೊಟ್ಟು ನೀಡಿದ ಮಾಹಿತಿಯ ಸಾರಾಂಶ ಕೇಳುವ ಹಕ್ಕು ಆಗ ನಿಮ್ಮದು. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನಿನ ಅಗತ್ಯವಿಲ್ಲದಿದ್ದರೆ, ಅಳಿಸುವುದು ಕಂಪನಿಯ ಕರ್ತವ್ಯ. ಭದ್ರತೆಯಲ್ಲಿ ಸೋತರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ತನಿಖಾ ಸಂಸ್ಥೆಗಳು ನಿಮ್ಮ ದಾಖಲೆ ಕೇಳಿದ್ದವೇ ಎಂಬುದನ್ನು ಮಾತ್ರ ಕಂಪನಿ ನಿಮಗೆ ತಿಳಿಸಬೇಕಿಲ್ಲ, ಮತ್ತು ಸರ್ಕಾರ ಅಧಿಸೂಚನೆ ಹೊರಡಿಸಿ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು. ಕಾಯ್ದೆಯ ಈ ಭಾಗ ನನಗೆ ಒಪ್ಪಿಗೆಯಿಲ್ಲ.

ಮನೆ ಖಾಲಿ ಮಾಡುವಾಗ ರೂಟರ್ ಕೊಟ್ಟು ಬಂದರೆ ಸಾಲದು. ಸಂಪರ್ಕ ಇಂಥ ದಿನದಿಂದ ಬೇಡ ಎಂದು ಬರೆದುಕೊಟ್ಟು, ಖಾತೆ ಮುಚ್ಚಿದ ತಾರೀಖಿರುವ ರಸೀದಿ ಪಡೆಯಿರಿ. ನಿಮ್ಮ ನಂತರ ಆ ಮನೆಗೆ ಬಂದವರು ಅದೇ ಖಾತೆಯಲ್ಲಿ ಮುಂದುವರಿದರೆ ಪ್ರತಿ ಸಾಲಿಗೂ ಅಂಟಿಕೊಳ್ಳುವುದು ನಿಮ್ಮ ಹೆಸರು. ಆ ರಸೀದಿಯನ್ನು ಕನಿಷ್ಠ ಎರಡು ವರ್ಷ ಜೋಪಾನವಾಗಿಡಿ. ನಾವು ನಿಮ್ಮ ದಾಖಲೆಯನ್ನು ಅಷ್ಟು ಕಾಲವಂತೂ ಇಟ್ಟೇ ಇರುತ್ತೇವೆ.